ಟ್ಯಾಬ್ ಮುಚ್ಚಿದರೂ ಮೆಮೊರಿ ಇಳಿಯುತ್ತಿಲ್ಲ, ಯಾವ ಎಕ್ಸ್‌ಟೆನ್ಶನ್ ಕಾರಣ?

ಪ್ರಶ್ನೆ: ಬೆಳಿಗ್ಗೆ ಬ್ರೌಸರ್ ಚೆನ್ನಾಗೇ ಓಡುತ್ತೆ. ಮಧ್ಯಾಹ್ನದ ಹೊತ್ತಿಗೆ ಲ್ಯಾಪ್‌ಟಾಪ್ ತೆವಳೋಕೆ ಶುರು. ಟ್ಯಾಬ್ ಎಲ್ಲ ಮುಚ್ಚಿದರೂ ಮೆಮೊರಿ ಇಳಿಯಲ್ಲ. ಬ್ರೌಸರಿಗೆ ಹಾಕಿಕೊಂಡಿರೋ ಪುಟ್ಟ ಪ್ರೋಗ್ರಾಂ, ಅಂದ್ರೆ ಎಕ್ಸ್‌ಟೆನ್ಶನ್‌ದೇ ಕೆಲಸ ಇರಬಹುದಾ? ಯಾವುದು ಅಂತ ಹಿಡಿಯೋದು ಹೇಗೆ?

ಉತ್ತರ: ‘ಮುಚ್ಚಿದರೂ ಇಳಿಯಲ್ಲ’ ಅಂದಿರಲ್ಲ, ಸುಳಿವು ಅಲ್ಲೇ ಇದೆ. ಮೂವತ್ತು ಟ್ಯಾಬ್ ತೆರೆದಾಗ ಮೆಮೊರಿ ಏರುವುದು ಸಹಜ, ಅದು ಸೋರಿಕೆಯಲ್ಲ. ಪುಟ ಮುಚ್ಚಿದ ಮೇಲೂ ಅದರ ಯಾವುದೋ ತುಣುಕನ್ನು ಎಕ್ಸ್‌ಟೆನ್ಶನ್ ಹಿಡಿದುಕೊಂಡೇ ಇದ್ದರೆ, ಅದಿನ್ನೂ ಬಳಕೆಯಲ್ಲಿದೆ ಎಂದುಕೊಂಡು ಬ್ರೌಸರ್ ಆ ಜಾಗ ಬಿಡಿಸುವುದಿಲ್ಲ. ಸೋರಿಕೆ ಅಂದರೆ ಇದು.

ಫೈರ್‌ಫಾಕ್ಸ್ ಬಳಸುತ್ತಿದ್ದರೆ ವಿಳಾಸದ ಜಾಗದಲ್ಲಿ ‘ಅಬೌಟ್:ಮೆಮೊರಿ’ ಎಂದು ಇಂಗ್ಲಿಷಿನಲ್ಲಿ ಟೈಪಿಸಿ, ‘ಮಿನಿಮೈಜ್ ಮೆಮೊರಿ ಯೂಸೇಜ್’ ಒತ್ತಿ. ಮೆಮೊರಿ ಸರ್ರನೆ ಇಳಿದರೆ ಅಲ್ಲಿದ್ದದ್ದು ಇನ್ನೂ ಗುಡಿಸದ ಕಸ ಅಷ್ಟೇ. ಇಳಿಯದೆ ದಿನವಿಡೀ ಏರುತ್ತಲೇ ಇದ್ದರೆ ಅನುಮಾನಪಡಿ.

ಆಮೇಲೆ ಶಿಫ್ಟ್ ಮತ್ತು ಎಸ್ಕೇಪ್ ಒಟ್ಟಿಗೆ ಒತ್ತಿ. ಕ್ರೋಮ್‌ನಲ್ಲಿ ಟಾಸ್ಕ್ ಮ್ಯಾನೇಜರ್ ತೆರೆದು, ಎಕ್ಸ್‌ಟೆನ್ಶನ್‌ಗಳು ಎಷ್ಟೆಷ್ಟು ಮೆಮೊರಿ ಹಿಡಿದಿವೆ ಎಂದು ಹೆಸರಿನ ಸಮೇತ ತೋರಿಸುತ್ತದೆ. ಹೆಚ್ಚಿನವರು ಮೋಸಹೋಗುವುದೂ ಇಲ್ಲೇ. ಎಕ್ಸ್‌ಟೆನ್ಶನ್ ಪ್ರತಿ ಪುಟದೊಳಗೂ ತನ್ನ ಸ್ಕ್ರಿಪ್ಟ್ (ಪುಟದೊಳಗೆ ಓಡುವ ಕೋಡ್) ತೂರಿಸಿದ್ದರೆ, ಆ ಮೆಮೊರಿ ಟ್ಯಾಬ್‌ನ ಲೆಕ್ಕಕ್ಕೆ ಬೀಳುತ್ತದೆ. ತಪ್ಪು ಎಕ್ಸ್‌ಟೆನ್ಶನ್‌ದು, ಬೈಗುಳ ವೆಬ್‌ಸೈಟಿಗೆ.

ಹಾಗಾಗಿ ನಾನು ನಂಬುವುದು ಅರ್ಧರ್ಧ ಮಾಡಿ ಹುಡುಕುವ ದಾರಿಯನ್ನು. ಎಲ್ಲವನ್ನೂ ಆಫ್ ಮಾಡಿ, ಬ್ರೌಸರ್ ಮುಚ್ಚಿ ತೆರೆದು, ಎಂದಿನ ಕೆಲಸ ಮಾಡಿ. ತೊಂದರೆ ಹೋಯಿತೇ? ಅರ್ಧದಷ್ಟನ್ನು ಆನ್ ಮಾಡಿ. ಮತ್ತೆ ಬಂದರೆ ಕಳ್ಳ ಆ ಅರ್ಧದಲ್ಲಿದ್ದಾನೆ, ಬರದಿದ್ದರೆ ಉಳಿದರ್ಧದಲ್ಲಿ. ಕಳ್ಳ ಇರುವ ಅರ್ಧವನ್ನೇ ಮತ್ತೆ ಅರ್ಧ ಮಾಡುತ್ತಾ ಹೋಗಿ. ನನ್ನಲ್ಲಿ 16 ಇದ್ದವು, ನಾಲ್ಕನೇ ಸುತ್ತಿಗೆ ಸಿಕ್ಕಿತು: ಬೆಲೆ ಹೋಲಿಸಲು ಯಾವಾಗಲೋ ಹಾಕಿಕೊಂಡು ಮರೆತೇಬಿಟ್ಟಿದ್ದ ಒಂದು ಎಕ್ಸ್‌ಟೆನ್ಶನ್. ಪ್ರತಿ ಸುತ್ತಿಗೂ ಒಂದೆರಡು ಗಂಟೆ ಕೊಡಿ, ಸೋರಿಕೆ ಐದು ನಿಮಿಷದಲ್ಲಿ ಕಾಣುವುದಿಲ್ಲ. ತೊಂದರೆ ಹುಡುಕಲೆಂದೇ ಇರುವ ಫೈರ್‌ಫಾಕ್ಸ್‌ನ ಟ್ರಬಲ್‌ಶೂಟ್ ಮೋಡ್ ಇದಕ್ಕೆ ಸಾಲದು. ಅದು ಎಕ್ಸ್‌ಟೆನ್ಶನ್‌ಗಳ ಜೊತೆ ಹಾರ್ಡ್‌ವೇರ್ ಆಕ್ಸಿಲರೇಶನ್ (ಚಿತ್ರ ಮೂಡಿಸುವ ಕೆಲಸವನ್ನು ಗ್ರಾಫಿಕ್ಸ್ ಚಿಪ್‌ಗೆ ವಹಿಸುವುದು) ಕೂಡ ನಿಲ್ಲಿಸುವುದರಿಂದ ಯಾವುದರಿಂದ ಸರಿಹೋಯಿತು ಎಂಬುದು ತಿಳಿಯುವುದಿಲ್ಲ.

2012ರ ಆಗಸ್ಟ್‌ನಲ್ಲಿ ಬಂದ ಫೈರ್‌ಫಾಕ್ಸ್ 15, ಮುಚ್ಚಿದ ಪುಟಗಳನ್ನು ಆಡ್‌ಆನ್‌ಗಳು (ಅಲ್ಲಿ ಎಕ್ಸ್‌ಟೆನ್ಶನ್‌ಗಳಿಗೆ ಇರುವ ಹೆಸರು) ಹಿಡಿದಿಟ್ಟುಕೊಳ್ಳುವುದನ್ನು ಬಹುಪಾಲು ತಡೆಯಿತು. ಬಹಳ ಒಳ್ಳೆಯ ಕೆಲಸ ಅದು. ಆದರೆ ಎಕ್ಸ್‌ಟೆನ್ಶನ್ ಮೆಮೊರಿಯಲ್ಲಿ ತನ್ನದೇ ಮಾಹಿತಿಯ ಪಟ್ಟಿಯನ್ನು ಬೆಳೆಸುತ್ತಾ ಹೋದರೆ ಯಾವ ಬ್ರೌಸರೂ ಏನೂ ಮಾಡಲಾಗದು.

ಸಿಕ್ಕಿದ ಮೇಲೆ ಮೊದಲು ಅಪ್‌ಡೇಟ್ ಇದೆಯೇ ನೋಡಿ, ಇಲ್ಲದಿದ್ದರೆ ತೆಗೆದುಹಾಕಿ. ಬಿಡಲಾಗದಷ್ಟು ಬೇಕಾದದ್ದಾದರೆ, ಕ್ರೋಮ್‌ನ ಎಕ್ಸ್‌ಟೆನ್ಶನ್ ಸೆಟ್ಟಿಂಗ್‌ನಲ್ಲಿ ಅದು ಎಲ್ಲ ಸೈಟುಗಳಿಗೂ ನುಗ್ಗದಂತೆ, ನೀವು ಕ್ಲಿಕ್ ಮಾಡಿದಾಗ ಮಾತ್ರ ಕೆಲಸ ಮಾಡುವಂತೆ ಬದಲಿಸಿ.