ಸೆಲ್ ವೀಕಾದ ಟೇಪಿನ ಹಾಡು

ಟೇಪ್ ರೆಕಾರ್ಡರಿನ ಸೆಲ್ ವೀಕಾದಾಗ ಹಾಡು ಹೇಗೆ ಎಳೆಯುತ್ತಿತ್ತು, ನೆನಪಿದೆಯಾ? ಗಾಯಕಿಯ ದನಿ ಮೆಲ್ಲಗೆ ಗಂಡು ದನಿಯಾಗಿ, ಕೊನೆಗೆ ಗೊರಕೆಯಂತಾಗುತ್ತಿತ್ತು. ನಾವು ಸೆಲ್ ತೆಗೆದು ಬಿಸಿಲಿಗಿಟ್ಟು ಮತ್ತೆ ಹಾಕುತ್ತಿದ್ದೆವು. ಈಗ ಅದೇ ದನಿ ಬೇಕು ಅಂತ ದುಡ್ಡು ಕೊಟ್ಟು ಬರುವವರಿದ್ದಾರೆ.

ಮುಂಬೈನ ಗೋರೆಗಾಂವ್‌ನಲ್ಲಿ ನನ್ನದೊಂದು ಪುಟ್ಟ ಸ್ಟುಡಿಯೊ. ಹಾಡುಗಳ ದನಿ ಹದ ಮಾಡುವ ಮಿಕ್ಸಿಂಗ್, ಮಾಸ್ಟರಿಂಗ್ ಕೆಲಸ. ಕಳೆದ ಮಳೆಗಾಲದಲ್ಲಿ ಡೊಂಬಿವಲಿಯಿಂದ ನಮ್ಮ ಉಡುಪಿ ಕಡೆಯ ಹುಡುಗನೊಬ್ಬ ಪೆನ್‌ಡ್ರೈವ್ ಹಿಡಿದು ಬಂದ. ವೇಪರ್‌ವೇವ್ ಮಾಡಿದ್ದೇನೆ ಅಂದ, ಅಂದರೆ ಹಳೇ ಹಾಡಿನ ತುಣುಕನ್ನು ನಿಧಾನ ಮಾಡಿ, ಮತ್ತೆ ಮತ್ತೆ ಸುತ್ತಿಸಿ ಕಟ್ಟುವ ಸಂಗೀತ. ಅಜ್ಜನ ಕ್ಯಾಸೆಟ್ಟಿನ ಹಳೇ ಸಿನಿಮಾ ಹಾಡು, ಅದರಲ್ಲಿ 4 ಸೆಕೆಂಡಿನ ವಯಲಿನ್ ತುಣುಕು, ಅದೇ ಸುತ್ತಿ ಸುತ್ತಿ ಬರುತ್ತಿತ್ತು. ಶಬ್ದ ಮಂಕು. ಅಭ್ಯಾಸಬಲ ನೋಡಿ, ನಾನು ಟ್ರೆಬಲ್, ಅಂದರೆ ಮೇಲಿನ ಚೂಪು ದನಿ, ಏರಿಸಿದೆ. "ಕ್ಲೀನ್ ಮಾಡ್ಬೇಡಿ ಅಂಕಲ್, ಆ ಮಂಕೇ ಬೇಕು!"

ಟೆಕ್ನೊ ಎಂಬ ಡ್ಯಾನ್ಸ್ ಸಂಗೀತಕ್ಕೆ ತವರಾಗಿ ಡೆಟ್ರಾಯ್ಟ್ ಇದೆ, ಹೌಸ್ ಎಂಬುದಕ್ಕೆ ಶಿಕಾಗೊ ಇದೆ. ವೇಪರ್‌ವೇವ್‌ಗೆ ಊರೇ ಇಲ್ಲ, ಇಂಟರ್ನೆಟ್ಟೇ ತವರು. 2010ರಲ್ಲಿ ಅಮೆರಿಕದ ಸಂಗೀತಗಾರ ಡೇನಿಯಲ್ ಲೊಪಾಟಿನ್, ಚಕ್ ಪರ್ಸನ್ ಎಂಬ ಹೆಸರಿಟ್ಟುಕೊಂಡು ಹಳೇ ಪಾಪ್ ಹಾಡುಗಳ ತುಣುಕುಗಳನ್ನು ನಿಧಾನ ಮಾಡಿ ಕ್ಯಾಸೆಟ್ ತಂದರು. 2011ರ ಡಿಸೆಂಬರಿನಲ್ಲಿ ವೆಕ್ಟ್ರಾಯ್ಡ್ ಎಂಬ ಸಂಗೀತಗಾರ್ತಿ, ಮ್ಯಾಕಿಂತಾಷ್ ಪ್ಲಸ್ ಹೆಸರಲ್ಲಿ 'ಫ್ಲೋರಲ್ ಶಾಪ್' ಆಲ್ಬಂ ಹೊರಬಿಟ್ಟರು. ಅದರ ಹೆಸರುವಾಸಿ ಹಾಡು ಡಯಾನಾ ರಾಸ್ 1984ರಲ್ಲಿ ಹಾಡಿದ್ದನ್ನೇ ಎಳೆದು, ಕತ್ತರಿಸಿ, ಜೋಡಿಸಿದ್ದು. ಹಾಡು ಎಳೆಯುವ ಚಾಳಿ ಹೊಸದೇನಲ್ಲ, ಹ್ಯೂಸ್ಟನ್ನಿನ ಡಿಜೆ ಸ್ಕ್ರೂ 1990ರ ದಶಕದಲ್ಲೇ ರ‍್ಯಾಪ್ ಹಾಡುಗಳಿಗೆ ಇದನ್ನು ಮಾಡಿದ್ದರು.

ಆ ಮಂಕು ಎಲ್ಲಿಂದ ಬರುತ್ತದೆ? ಹಾಡಿನ ವೇಗ 80 ಪರ್ಸೆಂಟಿಗೆ ಇಳಿಸಿ. ನಿಮಿಷಕ್ಕೆ 120 ಬೀಟ್ ಇದ್ದದ್ದು 96 ಆಗುತ್ತದೆ. ಜೊತೆಗೆ ಶ್ರುತಿಯೂ ಇಳಿಯುತ್ತದೆ, ಹಾರ್ಮೋನಿಯಂನ ಕಪ್ಪು ಬಿಳಿ ಎರಡೂ ಲೆಕ್ಕ ಹಾಕಿದರೆ ಹೆಚ್ಚುಕಮ್ಮಿ 4 ಮನೆ. 10,000 ಹರ್ಟ್ಜ್‌ನಲ್ಲಿದ್ದ ತಾಳದ ಮಿಂಚು 8,000ಕ್ಕೆ ಬರುತ್ತದೆ, ಮೇಲಿನ ಜಾಗ ಖಾಲಿ. ಅದರ ಮೇಲೆ ರಿವರ್ಬ್, ಅಂದರೆ ದೊಡ್ಡ ಹಾಲಿನ ಗುಂಯ್‌ಗುಡುವಿಕೆ, ಸುರಿದರೆ ಖಾಲಿ ಮಾಲ್‌ನಲ್ಲಿ ದೂರದ ಸ್ಪೀಕರ್ ಹಾಡಿದಂತಿರುತ್ತದೆ. ಶ್ರುತಿ ಕೆಡದ ಹಾಗೆ ವೇಗ ಮಾತ್ರ ಇಳಿಸುವ ಸಾಫ್ಟ್‌ವೇರ್ ಎಲ್ಲರ ಹತ್ತಿರವೂ ಇದೆ, ಆದರೆ ಈ ಹುಡುಗರು ಅದನ್ನು ಬೇಕಂತಲೇ ಮುಟ್ಟುವುದಿಲ್ಲ.

ಇಷ್ಟು ಯಾರು ಬೇಕಾದರೂ ಮಾಡಬಹುದು, ರೀಲ್ಸ್‌ನಲ್ಲಿ ಸುಮ್ನೆ ಎಳೆದ ಹಾಡುಗಳು ರಾಶಿ ಬಿದ್ದಿವೆ. ಕಷ್ಟ ಇರುವುದು ತುಣುಕು ಆರಿಸುವುದರಲ್ಲಿ. ಇಪ್ಪತ್ತು ಸಲ ಸುತ್ತಿದರೂ ಬೇಸರ ಬರಬಾರದು, ಪೂರ್ತಿಯಾದ ಹಾಗೂ ಅನಿಸಬಾರದು. ಈ ಹುಡುಗನ ಕಿವಿ ಅಲ್ಲಿ ಚುರುಕಾಗಿತ್ತು.

ಆದರೆ ಹಾಡಿನ ಹಕ್ಕು ಕಂಪನಿಯದ್ದು, ಅಜ್ಜನ ಕ್ಯಾಸೆಟ್ ಆದ ಮಾತ್ರಕ್ಕೆ ನಮ್ಮದಾಗುವುದಿಲ್ಲ ಅಲ್ವಾ? ಹೊಸ ರಾಗದಲ್ಲಿ, ಹಳೇ ಧಾಟಿಯ ತುಣುಕೊಂದನ್ನು ನುಡಿಸಿಯೇ ತೆಗೆದುಕೊಳ್ಳೋಣ ಅಂದೆ. ಮಾಟುಂಗಾದ ವಯಲಿನ್ ಮೇಷ್ಟ್ರು ಬಂದು, ಎಳೆದಾಗ ಶ್ರುತಿ ಇಳಿದು ಸರಿಹೋಗಲಿ ಅಂತ ನಾವು ಹೇಳಿದ ಹಾಗೆ 4 ಮನೆ ಮೇಲಿಟ್ಟು ಬಹಳ ಶ್ರದ್ಧೆಯಿಂದ ನುಡಿಸಿದರು. ಆಮೇಲೆ ನಾವು ಅದಕ್ಕೆ ಏನು ಮಾಡಿದೆವು ಅಂತ ಅವರಿಗೆ ಕೇಳಿಸುವ ಧೈರ್ಯ ಇನ್ನೂ ಬಂದಿಲ್ಲ.