ಹಲ್ಲಿಲ್ಲದ ಬಕೆಟ್ಟು ಮತ್ತು ಇಂಗ್ಲೆಂಡಿನ ಹಳ್ಳಿಯ ಹೊಲ

ಇಂಗ್ಲೆಂಡಿನ ಹಳ್ಳಿಯಂಚಿನ ಹೊಲದಲ್ಲಿ ನಲವತ್ತೋ ಐವತ್ತೋ ಮನೆ ಕಟ್ಟುತ್ತೇವೆಂದು ಯಾರಾದರೂ ಅರ್ಜಿ ಹಾಕಿದರೆ, ಎಷ್ಟೋ ಸಲ ಬುನಾದಿಗಿಂತ ಮೊದಲು, ನೆಲದಡಿ ಹಳೆಯ ಕಾಲದ ಕುರುಹು ಹುಡುಕುವ ಬೇರೊಂದು ಅಗೆತ ನಡೆಯುತ್ತದೆ. ನಾವು ಹಿಟಾಚಿ ಎಂದು ಕರೆಯುವಂಥ ಯಂತ್ರ ಬರುತ್ತದೆ; ಆದರೆ ಅದರ ಬಕೆಟ್ಟಿಗೆ ಹಲ್ಲಿರುವುದಿಲ್ಲ. ಹಲ್ಲು ಮಣ್ಣನ್ನು ಸೀಳಿ ಕಲಸಿಬಿಡುತ್ತದೆ, ಚಪ್ಪಟೆ ಅಂಚು ಪದರ ಪದರವಾಗಿ ಕೆರೆಯುತ್ತದೆ. ಪಕ್ಕದಲ್ಲಿ ಪುರಾತತ್ವಜ್ಞರೊಬ್ಬರು ಬಕೆಟ್ಟಿನಿಂದ ಕಣ್ಣು ಕೀಳದೆ ನಿಂತಿರುತ್ತಾರೆ. ಮೇಲ್ಮಣ್ಣು ಸರಿದು ಹಳದಿ ಜೇಡಿಯೋ ಬಿಳಿ ಸುಣ್ಣಕಲ್ಲೋ ಇಣುಕಿದೊಡನೆ ಕೈ ಎತ್ತುತ್ತಾರೆ, ಯಂತ್ರ ನಿಲ್ಲುತ್ತದೆ. ಆ ತಿಳಿ ನೆಲದಲ್ಲಿ ಕಪ್ಪು ಪಟ್ಟಿಯೊಂದು ಅಡ್ಡ ಹಾದಿದ್ದರೆ ಅದು ಎಂದೋ ಹೂಳು ತುಂಬಿದ ಕಾಲುವೆಯಿರಬಹುದು. ತಟ್ಟೆಯಗಲದ ಕಪ್ಪು ಗುರುತು ಕಂಡರೆ ಗುಡಿಸಲಿನ ಕಂಬ ನೆಟ್ಟ ಕುಳಿಯಿರಬಹುದು. ಮುಂದಿನದು ಕರಣೆಯ ಕೆಲಸ. ಕುಳಿಯ ಅರ್ಧವನ್ನು ಮಾತ್ರ ತೋಡುತ್ತಾರೆ. ಉಳಿದರ್ಧದ ಗೋಡೆಯಲ್ಲಿ ಪದರಗಳು ಒಂದರ ಮೇಲೊಂದು ಕುಳಿತಿರುವುದನ್ನು ನೋಡಿ ಅಳತೆಗೆ ಸರಿಯಾಗಿ ಬರೆದುಕೊಳ್ಳುತ್ತಾರೆ.

ಇದು ಟ್ರಯಲ್ ಟ್ರೆಂಚಿಂಗ್, ಅಂದರೆ ಪರೀಕ್ಷಾ ಅಗೆತ. ಕಂದಕಗಳು ಸಾಮಾನ್ಯವಾಗಿ 30ರಿಂದ 50 ಮೀಟರ್ ಉದ್ದ, ಸುಮಾರು 2 ಮೀಟರ್ ಅಗಲ. ಎಲ್ಲ ಸೇರಿಸಿದರೂ ತೆರೆಯುವುದು ಹೊಲದ ಶೇ. 2ರಿಂದ 5ರಷ್ಟು ಭಾಗ. ಅನ್ನ ಬೆಂದಿದೆಯೇ ಎಂದು ನೋಡಲು ಒಂದಗುಳು ಸಾಕು, ನಿಜ. ಆದರೆ ಹೊಲ ಒಂದೇ ಹದದಲ್ಲಿ ಬೆಂದ ಅನ್ನವಲ್ಲ. ಎರಡು ಕಂದಕಗಳ ನಡುವಿನ ಜಾಗದಲ್ಲಿ ಸಾವಿರ ವರ್ಷ ಹಿಂದಿನ ಸ್ಯಾಕ್ಸನ್ ಕಾಲದ ನಾಲ್ಕು ಸಮಾಧಿಗಳು ಯಾರ ಕಣ್ಣಿಗೂ ಬೀಳದೆ ಉಳಿದುಬಿಡಬಹುದು.

ಇಷ್ಟಾದರೂ ಅಗೆಯಬೇಕೆಂಬ ಪದ್ಧತಿ ಬಂದದ್ದು ತೀರ ಈಚೆಗೆ. 1882ರ ಪ್ರಾಚೀನ ಸ್ಮಾರಕಗಳ ಕಾಯಿದೆ ಕಾಪಾಡಿದ್ದು ಪಟ್ಟಿಯಲ್ಲಿದ್ದ ಸ್ಮಾರಕಗಳನ್ನು ಮಾತ್ರ; ಹೊಲದಡಿಯ ಹೆಸರಿಲ್ಲದ ಊರುಗಳ ಗೊಡವೆ ಅದಕ್ಕಿರಲಿಲ್ಲ. ಆ ಕಾಯಿದೆಯಡಿ ಮೊದಲ ಇನ್ಸ್‌ಪೆಕ್ಟರ್ ಆದ ಜನರಲ್ ಪಿಟ್-ರಿವರ್ಸ್ ತನ್ನದೇ ಜಮೀನಿನಲ್ಲಿ ಅಗೆಸುವಾಗ ಮಡಕೆಯ ಬೋಕಿಯನ್ನೂ ಬಿಡದೆ ದಾಖಲಿಸಿದ. ಆ ಶಿಸ್ತನ್ನು ಮೆಚ್ಚಿ ಬೆಳೆಸಿದವರು ಮಾರ್ಟಿಮರ್ ವ್ಹೀಲರ್. ಡಾರ್ಸೆಟ್‌ನ ಮೇಡನ್ ಕ್ಯಾಸಲ್ ಎಂಬ ಪ್ರಾಚೀನ ಗುಡ್ಡಕೋಟೆಯಲ್ಲಿ 1934ರಿಂದ 37ರವರೆಗೆ ಅಗೆಸಿದ ಅವರೇ, ಭಾರತೀಯ ಪುರಾತತ್ವ ಇಲಾಖೆಯ ಮುಖ್ಯಸ್ಥರಾಗಿ 1947ರಲ್ಲಿ ನಮ್ಮ ಚಿತ್ರದುರ್ಗ ಜಿಲ್ಲೆಯ ಬ್ರಹ್ಮಗಿರಿಗೂ ಬಂದರು.

ಯುದ್ಧಾನಂತರ ಇಂಗ್ಲೆಂಡಿನಲ್ಲಿ ಹೆದ್ದಾರಿಗಳು ಹಳ್ಳಿಗಾಡನ್ನು ಸೀಳಿದವು, ಟ್ರ್ಯಾಕ್ಟರ್ ನೇಗಿಲುಗಳು ಆಳಕ್ಕಿಳಿದವು. ಯಂತ್ರದ ಮುಂದೆ ಓಡೋಡಿ ಅಗೆಯುವುದೇ ಪುರಾತತ್ವಜ್ಞರ ಪಾಡಾಯಿತು. ಸಿಟ್ಟಿಗೆದ್ದವರು 1971ರಲ್ಲಿ ‘ರೆಸ್ಕ್ಯೂ’ ಎಂಬ ಸಂಘ ಕಟ್ಟಿದರು. ಅದರ ಲಾಂಛನದಲ್ಲಿ ಬುಲ್‌ಡೋಜರ್ ಒಂದು ಸ್ಟೋನ್‌ಹೆಂಜಿನ ಕಲ್ಲುಗಳನ್ನೇ ಬಾಚಿ ಎತ್ತಿಕೊಂಡಿದೆ. ಉದ್ದುದ್ದ ಮನವಿಗಳಿಗಿಂತ ಆ ಚಿತ್ರವೇ ಚೆನ್ನಾಗಿ ಮಾತಾಡಿತೆಂದು ನನಗನ್ನಿಸುತ್ತದೆ. ಆಗ ಹಣ ಹೆಚ್ಚಾಗಿ ಸರ್ಕಾರದ್ದು, ಯಾವಾಗಲೂ ಕೊರತೆಯದ್ದು.

ತಿರುವು ಬಂದದ್ದು ಹಳ್ಳಿಯಿಂದಲ್ಲ, ಲಂಡನ್ನಿನಿಂದ. 1989ರಲ್ಲಿ ಸದರ್ಕ್‌ನ ಕಚೇರಿ ಕಟ್ಟಡವೊಂದರ ನಿವೇಶನದಲ್ಲಿ, 1587ರಲ್ಲಿ ಕಟ್ಟಿದ್ದ, ಷೇಕ್ಸ್‌ಪಿಯರ್ ಕಾಲದ ರೋಸ್ ನಾಟಕಶಾಲೆಯ ತಳಪಾಯ ಸಿಕ್ಕಿತು. ಅದನ್ನು ಉಳಿಸಿ ಎಂದು ನಟರು, ಜನಸಾಮಾನ್ಯರು ಬೀದಿಗಿಳಿದರು. ಅನುಮತಿ ಕೊಟ್ಟು, ಕೆಲಸ ಶುರುವಾದ ಮೇಲೆ ಅವಶೇಷ ಸಿಕ್ಕರೆ ಎಲ್ಲರಿಗೂ ನಷ್ಟ ಎಂಬುದು ಸರ್ಕಾರಕ್ಕೂ ಮನದಟ್ಟಾಯಿತು. 1990ರ ನವೆಂಬರಿನಲ್ಲಿ ಪಿಪಿಜಿ 16 ಎಂಬ ಮಾರ್ಗಸೂಚಿ ಹೊರಬಿತ್ತು: ಅನುಮತಿಗೆ ಮೊದಲೇ ನೆಲದಡಿ ಏನಿದೆಯೆಂದು ನೋಡಿ, ಖರ್ಚು ಕಟ್ಟುವವರದ್ದು. 2012ರಲ್ಲಿ ಬಂದ ರಾಷ್ಟ್ರೀಯ ಯೋಜನಾ ನೀತಿಯೂ ಅದೇ ಹಾದಿ ಹಿಡಿಯಿತು.

ಹಣದ ಚೀಲ ಕೈ ಬದಲಾದದ್ದೇ ಅಗೆತ ಒಂದು ಉದ್ಯಮವಾಯಿತು. ಟೆಂಡರ್ ಕರೆಯುತ್ತಾರೆ, ಖಾಸಗಿ ತಂಡಗಳು ದರ ನಮೂದಿಸುತ್ತವೆ, ಕೌಂಟಿಯ (ಅಲ್ಲಿನ ಜಿಲ್ಲೆಯ) ಪುರಾತತ್ವಾಧಿಕಾರಿ ಕಂದಕಗಳ ನಕ್ಷೆಗೆ ಒಪ್ಪಿಗೆ ಕೊಡುತ್ತಾರೆ. ಬಡಾವಣೆ ಬೇಡವೆನ್ನುವ ಗ್ರಾಮಸ್ಥರಿಗೆ ಇಲ್ಲೊಂದು ಆಸೆ ಮೊಳೆಯುತ್ತದೆ: ಒಂದು ರೋಮನ್ ಗೋಡೆ ಸಿಕ್ಕರೆ ಸಾಕು, ಮನೆಗಳು ನಿಲ್ಲುತ್ತವೆ. ಹಾಗಾಗುವುದು ಅಪರೂಪ. ಹೆಚ್ಚೆಂದರೆ ಆ ಮೂಲೆಯನ್ನು ಹುಲ್ಲುಹಾಸಾಗಿ ಬಿಟ್ಟು ನಕ್ಷೆ ತಿದ್ದುತ್ತಾರೆ. ಇಲ್ಲದಿದ್ದರೆ ಪೂರ್ತಿ ಅಗೆದು, ದಾಖಲಿಸಿ, ಮೇಲೆ ಮನೆ ಕಟ್ಟುತ್ತಾರೆ. ‘ದಾಖಲೆಯ ಮೂಲಕ ಸಂರಕ್ಷಣೆ’ ಎಂದು ಅದನ್ನು ಕರೆಯುತ್ತಾರೆ. ಅವಶೇಷವೇ ಇಲ್ಲವಾದ ಮೇಲೂ ಸಂರಕ್ಷಣೆ ಎನ್ನುವ ಧೈರ್ಯ ಕಚೇರಿ ಭಾಷೆಗೆ ಮಾತ್ರ ಇರುತ್ತದೆ.

ಅರ್ಜಿಯ ಹಂಗಿಲ್ಲದ ಅಗೆತವೂ ಉಂಟು. 2005ರಿಂದ ಕರೆಂಜಾ ಲೂಯಿಸ್ ಎಂಬ ಪುರಾತತ್ವಜ್ಞೆ ಪೂರ್ವ ಇಂಗ್ಲೆಂಡಿನ ಹಳ್ಳಿಗಳಲ್ಲಿ ಶಾಲಾ ಮಕ್ಕಳನ್ನೂ ಊರವರನ್ನೂ ಸೇರಿಸಿ, ಮನೆಗಳ ಹಿತ್ತಿಲಲ್ಲಿ ಒಂದು ಮೀಟರ್ ಚೌಕದ ಗುಂಡಿಗಳನ್ನು ತೋಡಿಸಿದರು. ಮಣ್ಣನ್ನು ಜರಡಿ ಹಿಡಿದು ಬೋಕಿಗಳನ್ನು ಹೆಕ್ಕಿ ಕಾಲವಾರು ಎಣಿಸಿದರು. ಐವತ್ತೈದು ಊರುಗಳ ಸುಮಾರು 2,000 ಗುಂಡಿಗಳ ಲೆಕ್ಕ 2016ರಲ್ಲಿ ಪ್ರಕಟವಾಯಿತು. 1348-49ರ ಮಹಾ ಪ್ಲೇಗಿನ ನಂತರದ ಮಣ್ಣಿನಲ್ಲಿ ಮಡಕೆ ಚೂರುಗಳು ಸುಮಾರು ಶೇ. 45ರಷ್ಟು ಇಳಿದಿದ್ದವು. ಅಡುಗೆ ಮಾಡುವವರೇ ಅಷ್ಟು ಕಡಿಮೆಯಾಗಿದ್ದರು.