ಚಾರಣಕ್ಕೆ ಎಷ್ಟು ಲ್ಯುಮೆನ್‌ನ ಟಾರ್ಚ್ ಬೇಕು?

ಪ್ರಶ್ನೆ: ಮೂರು ರಾತ್ರಿಯ ಚಾರಣಕ್ಕೆ ಹೊರಟಿದ್ದೇನೆ. ಮಲಗುವುದು ಟೆಂಟಿನಲ್ಲಿ. ಒಂದು ದಿನ ಮಾತ್ರ ಬೆಳಗಿನ ಜಾವ ಕತ್ತಲಲ್ಲೇ ಎದ್ದು ಬೆಟ್ಟ ಹತ್ತಬೇಕು. ಟಾರ್ಚ್ ನೋಡಲು ಹೋದರೆ 300 ಲ್ಯುಮೆನ್‌ನಿಂದ 3,000 ಲ್ಯುಮೆನ್‌ವರೆಗೂ ಇವೆ. ಯಾವುದನ್ನು ತೆಗೆದುಕೊಳ್ಳಲಿ? ಜೊತೆಗೆ ಇನ್ನೇನು ಬೇಕು?

ಉತ್ತರ: 300 ಧಾರಾಳವಾಗಿ ಸಾಕು. (ಲ್ಯುಮೆನ್ ಅಂದರೆ ಟಾರ್ಚ್ ಒಟ್ಟು ಎಷ್ಟು ಬೆಳಕು ಚೆಲ್ಲುತ್ತದೆ ಅನ್ನುವ ಅಳತೆ.) ನಿಜ ಹೇಳಬೇಕೆಂದರೆ ಆ ಮುನ್ನೂರನ್ನೂ ನೀವು ಮೂರು ದಿನದಲ್ಲಿ ಹತ್ತು ನಿಮಿಷ ಬಳಸಿದರೆ ಹೆಚ್ಚು. ಡಬ್ಬಿಯ ಮೇಲೆ ದಪ್ಪಕ್ಷರದಲ್ಲಿರುವ ಸಂಖ್ಯೆಯನ್ನು ಸ್ವಲ್ಪ ಹೊತ್ತು ಮರೆತುಬಿಡಿ. ಅದರ ಅತಿ ಕಡಿಮೆ ಬೆಳಕು ಎಷ್ಟು, ಅದು ಎಷ್ಟು ಗಂಟೆ ಬರುತ್ತದೆ ಅಂತ ಹುಡುಕಿ. ಅದು ಸಾಮಾನ್ಯವಾಗಿ ಡಬ್ಬಿಯ ಹಿಂಭಾಗದಲ್ಲಿ ಸಣ್ಣ ಅಕ್ಷರದಲ್ಲಿರುತ್ತದೆ.

ಯಾಕೆ ಅಂತೀರಾ? ರಾತ್ರಿ ಟೆಂಟಿನಲ್ಲಿ ನಾವು ಮಾಡುವ ಕೆಲಸಗಳನ್ನು ನೆನೆಸಿಕೊಳ್ಳಿ. ಕಾಲುಚೀಲ ಹುಡುಕುವುದು, ನೀರಿನ ಬಾಟಲಿ ಎಲ್ಲಿದೆ ನೋಡುವುದು, ಎರಡು ಪುಟ ಓದುವುದು. ಇದಕ್ಕೆಲ್ಲ 5 ಲ್ಯುಮೆನ್ ಇದ್ದರೆ ಆಯಿತು. ಟೆಂಟಿನ ಬಟ್ಟೆ ಬೆಳಕನ್ನು ವಾಪಸ್ ಕಣ್ಣಿಗೇ ಎಸೆಯುತ್ತದೆ. ಅಷ್ಟು ಚಿಕ್ಕ ಜಾಗದಲ್ಲಿ 300 ಲ್ಯುಮೆನ್ ಹಚ್ಚಿದರೆ ಪಕ್ಕದಲ್ಲಿ ಮಲಗಿರುವವರು ಬೈಯ್ಯುತ್ತಾರೆ, ಅಷ್ಟೇ. ಹೊರಗೆ ಕೂತು ಅಡುಗೆ ಮಾಡಲು 20 ಸಾಕು. ಕಾಲುದಾರಿಯಲ್ಲಿ ನಡೆಯಲು 50ರಿಂದ 100. ದಾರಿ ತಪ್ಪಿದಂತೆ ಅನಿಸಿ ಮುಂದಿನ ತಿರುವು ಎಲ್ಲಿದೆ ಅಂತ ಒಮ್ಮೆ ದೂರಕ್ಕೆ ನೋಡಬೇಕಾದಾಗ ಮಾತ್ರ 200-300 ಕೆಲಸಕ್ಕೆ ಬರುತ್ತದೆ.

ಇನ್ನೊಂದು ವಿಷಯ. ಲ್ಯುಮೆನ್ ಹೆಚ್ಚಾದಷ್ಟು ಕಣ್ಣಿಗೆ ಹೊಳಪು ಅದೇ ಲೆಕ್ಕದಲ್ಲಿ ಹೆಚ್ಚುವುದಿಲ್ಲ. ಎರಡರಷ್ಟು ಹೊಳಪು ಕಾಣಬೇಕಾದರೆ ಸುಮಾರು ನಾಲ್ಕರಷ್ಟು ಬೆಳಕು ಬೇಕು. 300ರ ಟಾರ್ಚ್ ಬಿಟ್ಟು 1,200ರದ್ದು ತಂದರೆ ಅದು ನಾಲ್ಕು ಪಟ್ಟು ಅನಿಸುವುದಿಲ್ಲ, ಹೆಚ್ಚೆಂದರೆ ಎರಡು ಪಟ್ಟು ಅನ್ನಿಸೀತು. ಬ್ಯಾಟರಿ ಮಾತ್ರ ನಾಲ್ಕು ಪಟ್ಟು ಖಾಲಿಯಾಗುತ್ತದೆ.

ಡಬ್ಬಿಯ ಲೆಕ್ಕಗಳಲ್ಲೂ ಸ್ವಲ್ಪ ಚಮತ್ಕಾರ ಇದೆ. ಒಳ್ಳೆಯ ಕಂಪನಿಗಳು ಬಹುತೇಕ ಎಎನ್‌ಎಸ್‌ಐ ಎಫ್ಎಲ್1 ಅನ್ನುವ ಮಾನದಂಡದ ಪ್ರಕಾರ ಅಳೆಯುತ್ತವೆ. ಅದರಲ್ಲಿ ಲ್ಯುಮೆನ್ ಅಳೆಯುವುದು ಟಾರ್ಚ್ ಹಚ್ಚಿದ ಮೊದಲ ಒಂದೆರಡು ನಿಮಿಷದೊಳಗೆ. ಬೆಳಕು ಮೊದಲಿದ್ದುದರ ಹತ್ತನೇ ಒಂದು ಭಾಗಕ್ಕೆ ಇಳಿಯುವವರೆಗಿನ ಹೊತ್ತನ್ನು ಬ್ಯಾಟರಿ ಬಾಳುವ ಸಮಯ ಅಂತ ಬರೆಯುತ್ತಾರೆ. ಅಂದರೆ 1,000 ಲ್ಯುಮೆನ್‌ನ ಟಾರ್ಚ್ ಕೆಲವೇ ನಿಮಿಷದಲ್ಲಿ ಬಿಸಿಯಾಗಿ, ತಾನೇ 300ಕ್ಕೆ ಇಳಿದು, ಆಮೇಲೆ ನಿಧಾನವಾಗಿ 100ರವರೆಗೆ ಜಾರಿದರೂ ಆ ಇಡೀ ಸಮಯ ಲೆಕ್ಕಕ್ಕೆ ಸೇರುತ್ತದೆ. ಇದು ಸುಳ್ಳಲ್ಲ. ಆದರೆ ನಾವು ಅಂದುಕೊಳ್ಳುವುದೇ ಬೇರೆ, ಅಲ್ವಾ?

ದೂರದ ಲೆಕ್ಕವೂ ಹಾಗೆಯೇ. "200 ಮೀಟರ್" ಅಂತ ಬರೆದಿದ್ದರೆ ಅಷ್ಟು ದೂರದಲ್ಲಿ ಬೀಳುವ ಬೆಳಕು 0.25 ಲಕ್ಸ್. ಹೆಚ್ಚುಕಡಿಮೆ ಹುಣ್ಣಿಮೆಯ ಬೆಳದಿಂಗಳಷ್ಟು. ಅರ್ಧ ದೂರಕ್ಕೆ ಬಂದರೆ ಬೆಳಕು ನಾಲ್ಕು ಪಟ್ಟಾಗುತ್ತದೆ. ಹಾಗಾಗಿ 200 ಅಂದರೆ ನಾನು 100 ಅಂತಲೇ ಓದಿಕೊಳ್ಳುತ್ತೇನೆ.

ಈಗ ಬ್ಯಾಟರಿಗೆ ಬರೋಣ. ಗಣಿತ ಸುಲಭ. ಎಲ್ಇಡಿ ಒಂದು ವಾಟ್‌ಗೆ ಸುಮಾರು 100 ಲ್ಯುಮೆನ್ ಕೊಡುತ್ತದೆ ಅಂತ ಇಟ್ಟುಕೊಳ್ಳಿ. ನಿಮ್ಮದು ಮೂರು ಸಂಜೆ. ಸಂಜೆಗೆ ಮೂರು ಗಂಟೆಯಂತೆ 20 ಲ್ಯುಮೆನ್ ಉರಿಸಿದರೆ ಒಟ್ಟು 1.8 ವಾಟ್-ಅವರ್ (ಒಂದು ವಾಟ್‌ನಂತೆ ಒಂದು ಗಂಟೆ ಉರಿದರೆ ಒಂದು ವಾಟ್-ಅವರ್). ಬೆಟ್ಟ ಹತ್ತುವ ದಿನ ಮೂರು ಗಂಟೆ 80 ಲ್ಯುಮೆನ್‌ಗೆ 2.4. ಎರಡೂ ಸೇರಿ 4.2. ಪೋಲಾಗುವುದನ್ನೂ ಸೇರಿಸಿ 5 ಅನ್ನಿ.

ಒಂದು 18650 ಸೆಲ್‌ನಲ್ಲಿ ಸುಮಾರು 12 ವಾಟ್-ಅವರ್ ಇರುತ್ತದೆ. ಅದು 18 ಮಿಲಿಮೀಟರ್ ದಪ್ಪ, 65 ಮಿಲಿಮೀಟರ್ ಉದ್ದದ ಲಿಥಿಯಂ-ಅಯಾನ್ ಸೆಲ್. ಒಂದೇ ಸೆಲ್‌ನಲ್ಲಿ ಇಡೀ ಚಾರಣ ಮುಗಿದು ಅರ್ಧಕ್ಕಿಂತ ಜಾಸ್ತಿ ಉಳಿಯುತ್ತದೆ. ರೀಚಾರ್ಜ್ ಮಾಡುವ ಮೂರು ಸಣ್ಣ ಎಎಎ ಸೆಲ್‌ಗಳಲ್ಲಿ ಎಲ್ಲ ಸೇರಿ 3 ವಾಟ್-ಅವರ್ ಸಿಗುತ್ತದೆ. ಹಾಗಾಗಿ ಇನ್ನೂ ಮೂರು ಬೇಕು. ಅದೇ 3,000 ಲ್ಯುಮೆನ್‌ನ ಟಾರ್ಚನ್ನು ಪೂರ್ತಿ ಹಚ್ಚಿದರೆ ಈ ಲೆಕ್ಕದಲ್ಲಿ 30 ವಾಟ್ ಬೇಕು. 12 ವಾಟ್-ಅವರ್ 24 ನಿಮಿಷದಲ್ಲಿ ಮುಗಿಯುತ್ತದೆ! ಅಷ್ಟರಲ್ಲಿ ಕೈ ಸುಡುವುದರಿಂದ ಟಾರ್ಚೇ ಅದನ್ನು ತಗ್ಗಿಸುತ್ತದೆ ಅನ್ನುವುದು ಬೇರೆ ಮಾತು.

ಚಳಿ ಇರುವ ಕಡೆ ಬ್ಯಾಟರಿಯ ಶಕ್ತಿ ಇನ್ನೂ ಕುಗ್ಗುತ್ತದೆ. ರಾತ್ರಿ ಸೆಲ್ಲನ್ನು ಸ್ಲೀಪಿಂಗ್ ಬ್ಯಾಗಿನೊಳಗೆ ಇಟ್ಟುಕೊಂಡು ಮಲಗಿ. ಸೊನ್ನೆ ಡಿಗ್ರಿಗಿಂತ ಕೆಳಗೆ ಲಿಥಿಯಂ-ಅಯಾನ್ ಸೆಲ್ ಚಾರ್ಜ್ ಮಾಡಬಾರದು, ಹಾಳಾಗುತ್ತದೆ. ಮಾಮೂಲಿ ಆಲ್ಕಲೈನ್ ಸೆಲ್ ಚಳಿಯಲ್ಲಿ ಇನ್ನೂ ಬೇಗ ಸೋಲುತ್ತದೆ. ತಿಂಗಳುಗಟ್ಟಲೆ ಟಾರ್ಚಿನೊಳಗೇ ಬಿಟ್ಟರೆ ಸೋರಿ ಒಳಗೆಲ್ಲ ಬಿಳಿ ಬೂಷ್ಟು ಹಿಡಿದಂತಾಗುತ್ತದೆ.

ಕೈಯಲ್ಲಿ ಹಿಡಿಯುವುದೋ, ತಲೆಗೆ ಕಟ್ಟುವುದೋ? ಒಂದೇ ಕೊಳ್ಳುವುದಾದರೆ ಕಣ್ಣು ಮುಚ್ಚಿಕೊಂಡು ಹೆಡ್‌ಲ್ಯಾಂಪ್ ಕೊಳ್ಳಿ. ಟೆಂಟ್ ಕಟ್ಟಲು ಎರಡು ಕೈ ಬೇಕು. ಬಂಡೆ ಹಿಡಿದು ಹತ್ತಲೂ ಬೇಕು. ಟಾರ್ಚನ್ನು ಬಾಯಲ್ಲಿ ಕಚ್ಚಿಕೊಂಡು ಪಾತ್ರೆ ತೊಳೆದವರಿಗೆ ಇದನ್ನು ವಿವರಿಸಬೇಕಾಗಿಲ್ಲ.

ಆದರೆ ಹೆಡ್‌ಲ್ಯಾಂಪಿಗೆ ಒಂದು ದೊಡ್ಡ ಕೊರತೆ ಇದೆ. ಬೆಳಕು ಕಣ್ಣಿನ ಪಕ್ಕದಿಂದಲೇ ಹೊರಡುತ್ತದೆ. ಹಾಗಾಗಿ ಕಲ್ಲಿನ ನೆರಳು ಕಲ್ಲಿನ ಹಿಂದೆಯೇ ಅಡಗಿಬಿಡುತ್ತದೆ. ಹಳ್ಳ ಯಾವುದು, ದಿಣ್ಣೆ ಯಾವುದು ತಿಳಿಯದೆ ನೆಲ ಚಪ್ಪಟೆಯಾಗಿ ಕಾಣುತ್ತದೆ. ಮಂಜು ಕವಿದಾಗಂತೂ ಹನಿಗಳಿಗೆ ಬಡಿದ ಬೆಳಕು ನೇರ ಕಣ್ಣಿಗೇ ವಾಪಸ್ ಬಂದು, ಎದುರಿಗೆ ಬಿಳಿ ಗೋಡೆ ನಿಂತಂತಾಗುತ್ತದೆ. ಆಗ ಬೆಳಕು ಜಾಸ್ತಿ ಮಾಡಿದರೆ ಗೋಡೆ ಇನ್ನೂ ಬೆಳ್ಳಗಾಗುತ್ತದೆ. ಹೆಡ್‌ಲ್ಯಾಂಪನ್ನು ತಲೆಯಿಂದ ಬಿಚ್ಚಿ, ಕೈಯಲ್ಲಿ ಸೊಂಟದ ಮಟ್ಟಕ್ಕೆ ಹಿಡಿದು, ಬೆಳಕು ತಗ್ಗಿಸಿ ನಡೆಯಿರಿ. ನೆಲದ ಉಬ್ಬುತಗ್ಗು ತಟ್ಟನೆ ಎದ್ದು ಕಾಣುತ್ತದೆ. ಎರಡನೆಯದಾಗಿ ಜೇಬಿನಲ್ಲಿ ಒಂದು ಪುಟ್ಟ ಟಾರ್ಚ್ ಇರಲಿ ಅನ್ನುವುದಕ್ಕೆ ಇದೂ ಒಂದು ಕಾರಣ. ಇನ್ನೊಂದು ಕಾರಣ ಏನೆಂದರೆ, ಕತ್ತಲಲ್ಲಿ ಸೆಲ್ ಬದಲಾಯಿಸಲೂ ಬೆಳಕು ಬೇಕು.

ಕೆಂಪು ಬೆಳಕು ಇರುವ ಹೆಡ್‌ಲ್ಯಾಂಪ್ ಸಿಕ್ಕರೆ ಒಳ್ಳೆಯದು. ಕಣ್ಣು ಕತ್ತಲಿಗೆ ಪೂರ್ತಿ ಹೊಂದಿಕೊಳ್ಳಲು 20-30 ನಿಮಿಷ ಬೇಕು. ಒಂದು ಕ್ಷಣ ಬಿಳಿ ಬೆಳಕು ಬಿದ್ದರೆ ಅಷ್ಟೂ ನೀರಿನಲ್ಲಿ ಹೋಮ. ಮಬ್ಬಿನಲ್ಲಿ ನೋಡಲು ನೆರವಾಗುವ ಕಣ್ಣಿನ ಜೀವಕೋಶಗಳಿಗೆ ಕೆಂಪು ಅಷ್ಟಾಗಿ ತಟ್ಟುವುದಿಲ್ಲ. ಮಂದವಾದ ಕೆಂಪಿನಲ್ಲಿ ಕೆಲಸ ಮುಗಿಸಿ ತಲೆ ಎತ್ತಿದರೆ ನಕ್ಷತ್ರಗಳು ಹಾಗೆಯೇ ಕಾಣುತ್ತವೆ. ಆದರೆ ನಕ್ಷೆಯಲ್ಲಿ ಕೆಂಪು ಗೆರೆಗಳಿದ್ದರೆ ಈ ಬೆಳಕಿನಲ್ಲಿ ಅವು ಮಾಯ.

ಮಳೆಗೆ ಐಪಿಎಕ್ಸ್4 ಅನ್ನುವ ನೀರು ತಡೆಯುವ ಗುರುತು ಇದ್ದರೆ ಸಾಕು, ಅದು ಸಿಡಿಯುವ ನೀರನ್ನು ತಡೆಯುತ್ತದೆ. ಹೊಳೆ ದಾಟುವುದಿದ್ದರೆ ಐಪಿಎಕ್ಸ್7 ಇರಲಿ. ಅದು ಒಂದು ಮೀಟರ್ ನೀರಿನಲ್ಲಿ ಅರ್ಧ ಗಂಟೆ ತಡೆಯಬೇಕು.

ನಾನು ಎಲ್ಲಕ್ಕಿಂತ ಮೊದಲು ನೋಡುವುದು ಗುಂಡಿಗೆ ಲಾಕ್ ಇದೆಯಾ ಅಂತ. ಒಮ್ಮೆ ಇಡೀ ದಿನ ನಡೆದು, ಸಂಜೆ ಬ್ಯಾಗ್ ತೆರೆದರೆ ಒಳಗೆ ಬೆಚ್ಚಗಿತ್ತು. ಗುಂಡಿ ಪಾತ್ರೆಗೆ ಒತ್ತಿಕೊಂಡು ಟಾರ್ಚ್ ಬೆಳಗ್ಗೆಯಿಂದ ಸುಮ್ನೆ ಉರಿದು ಸತ್ತಿತ್ತು. ಲಾಕ್ ಇಲ್ಲದಿದ್ದರೆ ಹಿಂದಿನ ಮುಚ್ಚಳವನ್ನು ಕಾಲು ಸುತ್ತು ಸಡಿಲಿಸಿ ಇಡಿ. ಅದೂ ಆಗದಿದ್ದರೆ ಸೆಲ್ ಬಿಚ್ಚಿ ಬೇರೆ ಇಡಿ.

ಜೊತೆಗೆ ಬೇಕಾದ ಸಾಮಾನು ತೀರಾ ಕಡಿಮೆ. ಬಿಡಿ ಸೆಲ್‌ಗೆ ಒಂದು ಪ್ಲಾಸ್ಟಿಕ್ ಡಬ್ಬಿ ಕಡ್ಡಾಯ. ಕೀಲಿಕೈ, ಚಿಲ್ಲರೆ ಜೊತೆ ಜೇಬಿಗೆ ಹಾಕಿದರೆ ಶಾರ್ಟ್ ಆಗಿ ಬೆಂಕಿ ಹತ್ತಬಹುದು. ವಿಮಾನದಲ್ಲಿ ಹೋಗುವುದಾದರೆ ಬಿಡಿ ಲಿಥಿಯಂ ಸೆಲ್ ಮತ್ತು ಪವರ್ ಬ್ಯಾಂಕ್ ಕೈಚೀಲದಲ್ಲೇ ಇರಬೇಕು, ಲಗೇಜಿಗೆ ಹಾಕುವಂತಿಲ್ಲ. ಟಾರ್ಚಿಗೆ ಕೈದಾರ ಕಟ್ಟಿಕೊಳ್ಳಿ. ಲಾಟೀನು ಬೇರೆ ಹೊರಬೇಡಿ. ನೀರು ತುಂಬಿದ ಮಾಸಲು ಬಣ್ಣದ ಬಾಟಲಿಗೆ ಹೆಡ್‌ಲ್ಯಾಂಪನ್ನು ಒಳಮುಖವಾಗಿ ಕಟ್ಟಿದರೆ ಅದೇ ಲಾಟೀನು. ಮಿಣುಕುವ ಸ್ಟ್ರೋಬ್, ಅಂಚಿನಲ್ಲಿ ಹಲ್ಲು, ಬಣ್ಣದ ಗಾಜು, ಇವಕ್ಕೆ ದುಡ್ಡು ಹಾಕಬೇಡಿ.

ಅಪಾಯದಲ್ಲಿ ಸಿಕ್ಕಿಕೊಂಡರೆ ಸ್ಟ್ರೋಬ್ ಬೇಕಲ್ಲ ಅಂತ ನೀವು ಕೇಳಬಹುದು. ಬೇಕಿಲ್ಲ. ಬೆಟ್ಟಗಳಲ್ಲಿ ಚಾಲ್ತಿಯಲ್ಲಿರುವ ಸಂಕೇತ ಇಷ್ಟೇ: ಒಂದು ನಿಮಿಷದಲ್ಲಿ ಆರು ಸಲ ಬೆಳಕು ತೋರಿಸಿ, ಒಂದು ನಿಮಿಷ ಸುಮ್ಮನಿರಿ, ಮತ್ತೆ ಆರು ಸಲ. ನೋಡಿದವರು ನಿಮಿಷಕ್ಕೆ ಮೂರು ಸಲ ತೋರಿಸಿ ಉತ್ತರ ಕೊಡುತ್ತಾರೆ. ಜೇಬಿನಲ್ಲಿರುವ ಆ ಪುಟ್ಟ ಟಾರ್ಚೇ ಇದಕ್ಕೆ ಸಾಲುತ್ತದೆ. ಉತ್ತರ ಬಂದ ಮೇಲೂ ನಿಲ್ಲಿಸಬೇಡಿ, ಅವರು ನಿಮ್ಮ ಹತ್ತಿರ ಬರುವವರೆಗೂ ತೋರಿಸುತ್ತಲೇ ಇರಿ.